ಯಾರ ಜೊತೆ ಊಟ ಮಾಡಿದೆ?

ವಾರಾನ್ನದ ಹುಡುಗನಿಗೆ ಒಂಟಿಯಾಗಿರಲು ಪುರುಸೊತ್ತೇ ಇರುತ್ತಿರಲಿಲ್ಲ. ಹಾಸನದ ಕಡೆಯಿಂದಲೋ ತುಮಕೂರಿನ ಕಡೆಯಿಂದಲೋ ಒಂದು ಟ್ರಂಕು ಹೊತ್ತು ಬೆಂಗಳೂರಿಗೆ ಬಂದು, ಚಾಮರಾಜಪೇಟೆಯಲ್ಲಿ ಯಾರದೋ ಮನೆಯ ಹಿಂದಿನ ಕೋಣೆ ಹಿಡಿದವನು ಸೋಮವಾರ ವಕೀಲರ ಮನೆಯಲ್ಲಿ, ಮಂಗಳವಾರ ಮೇಷ್ಟರ ಮನೆಯಲ್ಲಿ, ಬುಧವಾರ ಜವಳಿ ಅಂಗಡಿಯವರ ಮನೆಯಲ್ಲಿ ಎಲೆ ಮುಂದೆ ಕೂರುತ್ತಿದ್ದ. ಏಳು ದಿನಕ್ಕೆ ಏಳು ಮನೆ. ಊಟ ಮಾಡಿದ ಮೇಲೆ ಆ ಮನೆಯ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು, ಅಜ್ಜಿಗೆ ಬಂದ ಕಾಗದ ಓದಿ ಹೇಳಬೇಕು, ಹಬ್ಬದ ಹಿಂದಿನ ದಿನ ಮಾವಿನ ಸೊಪ್ಪು ತಂದು ಕೊಡಬೇಕು. ಯಾವ ಮನೆಯಲ್ಲಿ ಎರಡನೇ ಸಲ ಅನ್ನ ಕೇಳಬಹುದು, ಯಾವ ಮನೆಯಲ್ಲಿ ಕೇಳದೆ ಏಳುವುದು ಒಳ್ಳೆಯದು ಎಂಬ ಸಂಕೋಚವೂ ಇದ್ದೇ ಇರುತ್ತಿತ್ತು. ಆದರೆ ಅವನು ಪರೀಕ್ಷೆಯಲ್ಲಿ ನಪಾಸಾದರೆ ಏಳು ಮನೆಗೆ ಗೊತ್ತಾಗುತ್ತಿತ್ತು. ಜ್ವರ ಬಂದು ಮಲಗಿದರೂ ಏಳು ಮನೆಗೆ ಗೊತ್ತಾಗುತ್ತಿತ್ತು.

ಆ ಏರ್ಪಾಟನ್ನು ಹೊಗಳಿ ಸುಮ್ಮನಾಗುವ ಹಾಗಿಲ್ಲ. ವಾರಾನ್ನ ಸಿಗುತ್ತಿದ್ದದ್ದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ. ಉಳಿದವರಿಗೆ ಆ ಅಡುಗೆಮನೆಗಳ ಬಾಗಿಲು ತೆರೆದಿರಲಿಲ್ಲ. ಆ ಅನ್ಯಾಯಕ್ಕೆ ಉತ್ತರವಾಗಿಯೇ 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ಹಾಸ್ಟೆಲ್ ಕಟ್ಟಿದವು. ಹಾಸ್ಟೆಲಿನ ಪಂಕ್ತಿಯಲ್ಲೂ ಹುಡುಗ ಒಬ್ಬನೇ ಕೂತು ಉಣ್ಣುತ್ತಿರಲಿಲ್ಲ ಎಂಬುದು ನಿಜ. ಹಾಸ್ಟೆಲಿನ ಬದುಕನ್ನು ಕೊನೆಯವರೆಗೂ ಬಿಡದವರೂ ಇದ್ದರು. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿದ ಎಚ್. ನರಸಿಂಹಯ್ಯನವರು ಮುಂದೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು. ವಾಪಸು ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ವಾಸಕ್ಕೆ ಮಾತ್ರ ಕೊನೆಯವರೆಗೂ ಕಾಲೇಜು ಹಾಸ್ಟೆಲಿನ ಒಂದು ಕೋಣೆಯೇ ಸಾಕಾಯಿತು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರ ವಾರ ಉಪನ್ಯಾಸ. ಓದುವವರು ಪುಸ್ತಕ ಮುಚ್ಚಿ ಒಂದೆಡೆ ಸೇರಬೇಕು, ಕೇಳಬೇಕು, ಜಗಳವಾಡಬೇಕು ಎಂದು ನಂಬಿದ್ದವರು ಅವರು.

ಈಗ ಇದೇ ಬಡಾವಣೆಗಳ ಮಕ್ಕಳು ಹೊರಡುವ ಸರದಿ. ಜುಲೈ, ಆಗಸ್ಟ್ ಬಂತೆಂದರೆ ಬಸವನಗುಡಿಯಲ್ಲೂ ಮಲ್ಲೇಶ್ವರದಲ್ಲೂ ಒಂದಲ್ಲ ಒಂದು ಮನೆಯ ಹಾಲಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿರುತ್ತವೆ. ಡಿವಿಜಿ ರಸ್ತೆಯಿಂದ ಮೂರು ಲೀಟರಿನ ಕುಕ್ಕರು, ಅದಕ್ಕೆ ಎರಡು ಹೆಚ್ಚುವರಿ ಗ್ಯಾಸ್ಕೆಟ್ಟು. ಗಾಂಧಿಬಜಾರಿನ ಕಾಂಡಿಮೆಂಟ್ಸ್ ಅಂಗಡಿಯಿಂದ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಗೊಜ್ಜಿನ ಎಣ್ಣೆ ಬಟ್ಟೆಗೆ ಇಳಿಯದಿರಲೆಂದು ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ, ಅದನ್ನು ಒಂದು ಕವರಿನಲ್ಲಿಟ್ಟು, ಆ ಕವರನ್ನು ಇನ್ನೊಂದರಲ್ಲಿಟ್ಟು, ತೂಕದ ಯಂತ್ರದ ಮೇಲೆ ಸೂಟ್‌ಕೇಸ್ ಏರಿಸಿ, 23 ಕಿಲೋ ದಾಟಿದರೆ ಜೀನ್ಸ್ ತೆಗೆದು ಪುಡಿ ಉಳಿಸಿಕೊಳ್ಳುತ್ತಾರೆ. ಬೀಳ್ಕೊಡಲು ಬಂದ ನೆಂಟರೆಲ್ಲ ಹೇಳುವ ಮಾತು ಒಂದೇ: "ಚೆನ್ನಾಗಿ ಓದು, ಟೈಮ್ ವೇಸ್ಟ್ ಮಾಡಬೇಡ."

ಈ ಬುದ್ಧಿಮಾತಿನ ಬಗ್ಗೆಯೇ ನನ್ನ ತಕರಾರು. ಮೊದಲು ಓದು, ಉಳಿದದ್ದೆಲ್ಲ ಆಮೇಲೆ ಎಂಬುದು ಇಲ್ಲಿ ನಡೆಯುತ್ತಿತ್ತು. ಏಕೆಂದರೆ ಇಲ್ಲಿ "ಉಳಿದದ್ದು" ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ. ಗಾಂಧಿಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿ ಭವನ ಶುರುವಾದದ್ದೇ ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರನ್ನು ನಂಬಿ. ಒಂದು ದೋಸೆಗೆ ನಾಲ್ಕು ಜನ ಕೂತು ಅರ್ಧ ಗಂಟೆ ಹರಟಿದ ತಲೆಮಾರುಗಳಿವೆ. ಚಾಮರಾಜಪೇಟೆಯ ಹುಡುಗರಂತೂ ವಾರ್ಷಿಕ ಪರೀಕ್ಷೆಗೆ ಓದುತ್ತಿದ್ದದ್ದೇ ಸಂಗೀತದ ನಡುವೆ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು 1939ರಿಂದ ನಡೆದುಬಂದಿವೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಿಂದ ತೇಲಿಬರುವ ಆಲಾಪನೆಗೆ ಪರೀಕ್ಷೆಯ ವೇಳಾಪಟ್ಟಿ ಗೊತ್ತಿಲ್ಲ. ಓದುತ್ತಾ ಕೂತವನು ರಾಗ ಮುಗಿಯುವ ತನಕ ಕಿಟಕಿ ಹತ್ತಿರ ನಿಂತು, ಮತ್ತೆ ಬಂದು ಪುಸ್ತಕ ತೆರೆಯುತ್ತಿದ್ದ. ಕೆಳಗಿನ ಮನೆಯವರು ಕೋಸಂಬರಿ ಕಳಿಸುತ್ತಿದ್ದರು. ಕ್ರಿಕೆಟ್ಟಿಗೆ ಒಬ್ಬ ಕಮ್ಮಿ ಇದ್ದಾನೆಂದು ಯಾರೋ ಕೂಗುತ್ತಿದ್ದರು. ಒಡನಾಟಕ್ಕೆ ಪ್ರಯತ್ನ ಪಡಬೇಕಾಗಿರಲಿಲ್ಲ, ಅದರಿಂದ ತಪ್ಪಿಸಿಕೊಳ್ಳಲು ಪ್ರಯತ್ನ ಪಡಬೇಕಾಗಿತ್ತು. ಹಾಗಾಗಿ ನಮ್ಮ ಮಕ್ಕಳು ಕಲಿತಿರುವುದು ತಪ್ಪಿಸಿಕೊಳ್ಳುವುದನ್ನು ಮಾತ್ರ. ಹುಡುಕಿಕೊಂಡು ಹೋಗುವುದನ್ನು ಅವರಿಗೆ ನಾವು ಕಲಿಸಿಲ್ಲ.

ಹೊರದೇಶದಲ್ಲಿ ಬಾಗಿಲು ತಟ್ಟುವವರು ಇಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಓದಿನ ಆಕಾರವೇ ಅಲ್ಲಿ ಬೇರೆ, ಅದೂ ದೇಶಕ್ಕೊಂದು ಥರ. ಇದನ್ನು ಹೊರಡುವ ಮೊದಲು ಮಕ್ಕಳಿಗಾಗಲಿ ಅಪ್ಪ ಅಮ್ಮನಿಗಾಗಲಿ ಬಿಡಿಸಿ ಹೇಳುವವರು ಕಡಿಮೆ.

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸೆಮಿಸ್ಟರ್ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ನಡುನಡುವೆ ಇಂಟರ್ನಲ್ಸ್ ಬಂದು ಹೋಗುತ್ತವೆ. ನಿಜವಾದ ಓದು ನಡೆಯುವುದು ಸ್ಟಡಿ ಹಾಲಿಡೇಸಿನಲ್ಲಿ. ಹಳೆಯ ಪ್ರಶ್ನೆಪತ್ರಿಕೆ, ಸೀನಿಯರ್ ಕೊಟ್ಟ ನೋಟ್ಸು, ರಾತ್ರಿಯೆಲ್ಲ ಎಚ್ಚರ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬೇಕಾದಷ್ಟು ಬಿಡುವು, ಸ್ನೇಹ ಬೆಳೆಯುವುದು ಆ ಬಿಡುವಿನಲ್ಲಿ. ಅಮೆರಿಕದ ಎಂ.ಎಸ್. ಕೋರ್ಸಿನಲ್ಲಿ ಆ ಬಿಡುವೇ ಇಲ್ಲ. ಸಾಮಾನ್ಯವಾಗಿ ಸೆಮಿಸ್ಟರಿಗೆ ಒಂಬತ್ತು ಕ್ರೆಡಿಟ್ಟು, ಅಂದರೆ ಮೂರು ವಿಷಯ. ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಸ್ವಂತ ಕೆಲಸ ಎಂಬುದು ಅಲ್ಲಿನ ವಾಡಿಕೆಯ ಲೆಕ್ಕ. ಹಾಗೆ ನೋಡಿದರೆ ವಾರಕ್ಕೆ 27 ಗಂಟೆ. ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಇದ್ದ ವಾರ ಈ ಲೆಕ್ಕ ತಪ್ಪುತ್ತದೆ. ಇದರ ಮೇಲೆ ಕ್ಯಾಂಪಸ್ಸಿನ ಲೈಬ್ರರಿಯಲ್ಲೋ ಮೆಸ್ಸಿನಲ್ಲೋ ಕೆಲಸ ಸಿಕ್ಕಿದರೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ವೀಸಾ ನಿಯಮ ಬಿಡುತ್ತದೆ. ಒಟ್ಟು 47. ಅಡುಗೆ, ಬಟ್ಟೆ ಒಗೆಯುವುದು, ಬಸ್ಸಿಗೆ ಕಾಯುವುದು ಬೇರೆ. ಪ್ರತಿವಾರ ಅಸೈನ್‌ಮೆಂಟು, ಪ್ರತಿವಾರ ಗಡುವು. "ಪರೀಕ್ಷೆ ಮುಗಿಯಲಿ, ಆಮೇಲೆ ನಾಲ್ಕು ಜನರ ಪರಿಚಯ ಮಾಡಿಕೊಳ್ಳೋಣ" ಎಂದು ಕಾದವನಿಗೆ ಆ "ಆಮೇಲೆ" ಬರುವುದೇ ಇಲ್ಲ. ಅಷ್ಟು ಹೊತ್ತಿಗೆ ಉಳಿದವರೆಲ್ಲ ತಂತಮ್ಮ ಗುಂಪು ಕಟ್ಟಿಕೊಂಡು ಆಗಿರುತ್ತದೆ.

ಬ್ರಿಟನ್ನಿನ ಮಾಸ್ಟರ್ಸ್ ಒಂದೇ ವರ್ಷ. 180 ಕ್ರೆಡಿಟ್, ಒಂದಕ್ಕೆ ಹತ್ತು ಗಂಟೆಯ ದುಡಿಮೆಯೆಂದು ಲೆಕ್ಕ, ಒಟ್ಟು 1,800 ಗಂಟೆ. ಅದರಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್ ಬೇಸಿಗೆಯ ಪ್ರಬಂಧಕ್ಕೆ. ಆ ಬೇಸಿಗೆಯೇ ಕಷ್ಟದ ಕಾಲ. ತರಗತಿಗಳು ನಿಂತಿರುತ್ತವೆ, ಅಲ್ಲಿನ ಹುಡುಗರು ಊರಿಗೆ ಹೋಗಿರುತ್ತಾರೆ, ನಮ್ಮವರು ಕೋಣೆಯಲ್ಲಿ ಪ್ರಬಂಧವನ್ನು ಎದುರಿಗಿಟ್ಟುಕೊಂಡು ಕೂತಿರುತ್ತಾರೆ. ಸೆಪ್ಟೆಂಬರಿನಿಂದ ಮೇ ಒಳಗೆ ಸ್ನೇಹ ಸಂಪಾದಿಸದಿದ್ದರೆ ಜೂನ್‌ನಿಂದ ಮಾತಾಡಲು ಜನ ಸಿಗುವುದಿಲ್ಲ.

ಜರ್ಮನಿಯದು ಮೂರನೇ ಥರ. ಅಲ್ಲಿ ಎಷ್ಟೋ ವಿಷಯಗಳಿಗೆ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ, ಉಪನ್ಯಾಸಕ್ಕೆ ಹಾಜರಿ ಹಾಕುವವರಿಲ್ಲ. ಬೆಂಗಳೂರಿನ ಹುಡುಗನಿಗೆ ಇದು ಹಳೆಯ ಪರಿಚಯದ ಹಾಗೆ ಕಾಣುತ್ತದೆ, ಅಪಾಯ ಇರುವುದೂ ಅಲ್ಲೇ. ಕೊನೆಯ ಮೂರು ವಾರದಲ್ಲಿ ಓದಿ ಮುಗಿಸುತ್ತೇನೆಂದು ಕೂತವನಿಗೆ ಸ್ಟಡಿ ಹಾಲಿಡೇಸಿನ ಗೆಳೆಯರಿಲ್ಲ, ನೋಟ್ಸು ಕೊಡುವ ಸೀನಿಯರಿಲ್ಲ. ಅಷ್ಟರಲ್ಲಿ ಚಳಿಗಾಲ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ, ಬರ್ಲಿನ್ನಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಸಂಜೆ ನಾಲ್ಕಕ್ಕೆ ಕತ್ತಲು, ಭಾನುವಾರ ಅಂಗಡಿಗಳಿಗೆ ಬೀಗ. ಸಂಜೆಯಾದರೆ ಲಾಲ್‌ಬಾಗಿಗೋ ಸ್ಯಾಂಕಿ ಕೆರೆ ಕಡೆಗೋ ಹೆಜ್ಜೆ ಹಾಕಿ, ದಾರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆಂದು ಬೆಳೆದ ಜೀವಕ್ಕೆ ಈ ಕತ್ತಲು ಬಹಳ ಭಾರ. ಓದಲು ಆಗುತ್ತಿಲ್ಲ ಎಂದು ಮಕ್ಕಳು ಫೋನಿನಲ್ಲಿ ಹೇಳಿದಾಗ ಸೋಮಾರಿತನವೆಂದು ಗದರುವ ಮೊದಲು ಇದನ್ನು ಯೋಚಿಸಬೇಕು.

ಪಿಎಚ್.ಡಿ.ಗೆ ಹೋದವರ ಮಾತು ಸ್ವಲ್ಪ ಬೇರೆ. ಬಸವನಗುಡಿಯಲ್ಲಿ ಬೆಳೆದ ಸಿ.ಎನ್.ಆರ್. ರಾವ್ ಅವರು 1950ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಒಂಬತ್ತು ತಿಂಗಳಿಗೆ ಪಿಎಚ್.ಡಿ. ಮುಗಿಸಿದ್ದನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಲೇ ಇರುತ್ತಾರೆ. ಹೇಳಲಿ, ಹೆಮ್ಮೆಯ ವಿಷಯ. ಆದರೆ ಪ್ರಯೋಗಾಲಯಕ್ಕೆ ಸೇರಿದವನಿಗೆ ಒಬ್ಬ ಗೈಡು, ನಾಲ್ಕಾರು ಸಹಪಾಠಿಗಳು, ದಿನಾ ನೋಡುವ ಮುಖಗಳು ಇರುತ್ತವೆ. ಇನ್ನೂರು ಜನರ ಎಂ.ಎಸ್. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನಿಗೆ ಅದು ಯಾವುದೂ ಇಲ್ಲ. ಅವನಿಗೆ ರಾವ್ ಅವರ ಉದಾಹರಣೆ ಕೊಟ್ಟರೆ ಆಗುವ ಉಪಯೋಗ ಕಡಿಮೆ.

ಓದು ಮತ್ತು ಸ್ನೇಹ ಒಂದಕ್ಕೊಂದು ನೇರವಾಗಿ ಡಿಕ್ಕಿ ಹೊಡೆಯುವ ಒಂದು ಜಾಗವಿದೆ, ಅದನ್ನು ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ರೆಕಾರ್ಡ್ ಬುಕ್ಕು ಕೊಡುವುದು, ಅಸೈನ್‌ಮೆಂಟ್ ಹಂಚಿಕೊಳ್ಳುವುದು ಗೆಳೆತನದ ಮೊದಲ ಗುರುತು. ಕೊಡದವನು ಸ್ವಾರ್ಥಿ. ಅಲ್ಲಿ ಗೆಳೆಯನಿಗೆ ಕೋಡ್ ಕೊಟ್ಟರೆ ಕೊಟ್ಟವನಿಗೂ ಶಿಕ್ಷೆ, ತೆಗೆದುಕೊಂಡವನಿಗೂ ಶಿಕ್ಷೆ. ಆ ವಿಷಯದಲ್ಲಿ ಸೊನ್ನೆಯಿಂದ ಹಿಡಿದು ಕಾಲೇಜಿನಿಂದ ಹೊರಹಾಕುವವರೆಗೆ ಹೋಗಬಹುದು, ಹೊರಹಾಕಿದರೆ ವೀಸಾವೂ ಹೋಯಿತು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಇರುವ ರೂಮ್‌ಮೇಟ್ ರಾತ್ರಿ ಹನ್ನೊಂದಕ್ಕೆ "ಒಂದ್ಸಲ ನೋಡಿ ಕೊಡ್ತೀನಿ" ಎಂದು ಕೇಳಿದಾಗ ಇಲ್ಲವೆನ್ನುವುದು ಇಪ್ಪತ್ತೆರಡು ವರ್ಷದ ಜೀವಕ್ಕೆ ಎಷ್ಟು ಕಷ್ಟ! ಇಲ್ಲವೆಂದು ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಯಾವ ವಿಷಯದಲ್ಲಿ ಎಷ್ಟರ ಮಟ್ಟಿಗೆ ಒಟ್ಟಿಗೆ ಕೆಲಸ ಮಾಡಬಹುದು ಎಂದು ಕೋರ್ಸಿನ ಮೊದಲ ದಿನ ಕೊಡುವ ಸಿಲಬಸ್ಸಿನಲ್ಲೇ ಬಹುಪಾಲು ಬರೆದಿರುತ್ತಾರೆ. ಒಟ್ಟಿಗೆ ಬೋರ್ಡಿನ ಮುಂದೆ ನಿಂತು ಲೆಕ್ಕ ಚರ್ಚಿಸಬಹುದು, ಬರೆಯುವಾಗ ಅವರವರು ಬೇರೆ ಬೇರೆ ಬರೆಯಬೇಕು ಎಂಬುದು ಸಾಮಾನ್ಯ ನಿಯಮ. ಆ ಬೋರ್ಡಿನ ಮುಂದಿನ ಎರಡು ಗಂಟೆಯಲ್ಲಿ ಓದೂ ಆಯಿತು, ಒಡನಾಟವೂ ಆಯಿತು. ಪ್ರೊಫೆಸರರ ಆಫೀಸ್ ಅವರ್ಸ್ ಕೂಡ ಹಾಗೆಯೇ. ಮೇಷ್ಟರ ಕೋಣೆಗೆ ಹೋಗುವುದೆಂದರೆ ಏನೋ ತಪ್ಪು ಮಾಡಿದ್ದೇವೆ ಎಂಬ ಅಳುಕು ನಮ್ಮ ಮಕ್ಕಳಿಗೆ. ಆ ಹೊತ್ತನ್ನು ಅವರು ಮೀಸಲಿಟ್ಟಿರುವುದೇ ವಿದ್ಯಾರ್ಥಿ ಬಂದು ಮಾತಾಡಲೆಂದು.

ಓದಿನ ಹೊರಗೆ ಕಳೆದ ಹೊತ್ತು ಹಾಳಾದ ಹೊತ್ತು ಎಂಬ ಮಾತನ್ನು ಕನ್ನಡದವರಾದ ನಾವು ಒಪ್ಪಬಾರದು, ಅದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಟಿ.ಪಿ. ಕೈಲಾಸಂ ಲಂಡನ್ನಿಗೆ ಹೋದದ್ದು ಭೂಗರ್ಭಶಾಸ್ತ್ರ ಓದಲು. ಓದಿದರು ಕೂಡ, ಹಿಂದಿರುಗಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಗೂ ಸೇರಿದರು. ಆದರೆ ಲಂಡನ್ನಿನ ನಾಟಕ ಮಂದಿರಗಳಲ್ಲಿ, ಮ್ಯೂಸಿಕ್ ಹಾಲುಗಳಲ್ಲಿ ಕಳೆದ ಸಂಜೆಗಳೇ ಕನ್ನಡಕ್ಕೆ ಹೊಸ ನಾಟಕ ತಂದುಕೊಟ್ಟವು. ಇಂಗ್ಲಿಷ್ ಸೈನಿಕರು ಹಾಡುತ್ತಿದ್ದ ಟಿಪ್ಪರರಿ ಹಾಡಿನ ಧಾಟಿಯಲ್ಲಿ ಅವರು ಕಟ್ಟಿದ ತಿಪ್ಪಾರಳ್ಳಿಯ ಹಾಡು ಇವತ್ತಿಗೂ ನಮ್ಮ ಬಾಯಲ್ಲಿದೆ. ಅವರು ಬರೆದ "ಟೊಳ್ಳುಗಟ್ಟಿ" ನೋಡಿ. ಒಂದೇ ಮನೆಯಲ್ಲಿ ಇಬ್ಬರು ಹುಡುಗರು. ಪುಟ್ಟು ಸದಾ ಪುಸ್ತಕದೊಳಗೆ, ಪರೀಕ್ಷೆಯಲ್ಲಿ ಮುಂದೆ. ಮಾಧು ಪರೀಕ್ಷೆಯಲ್ಲಿ ಹಿಂದೆ, ಕಷ್ಟದಲ್ಲಿರುವವರ ಬಳಿ ಮಾತ್ರ ಎಲ್ಲರಿಗಿಂತ ಮುಂದೆ. ಯಾರು ಟೊಳ್ಳು, ಯಾರು ಗಟ್ಟಿ ಎಂದು ನಾಟಕ ಕೇಳುತ್ತದೆ. ಪರದೇಶಕ್ಕೆ ಹೋಗಿ ಓದಿ ಬಂದವರೇ ಇದನ್ನು ಬರೆದರು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ ಎನಿಸುತ್ತದೆ. ಕೈಲಾಸಂ ಬದುಕಿನಲ್ಲಿ ಸಮತೋಲ ಇತ್ತೆಂದು ಯಾರೂ ಹೇಳಲಾರರು. ಅವರನ್ನು ಆ ಅರ್ಥದಲ್ಲಿ ಮಾದರಿಯಾಗಿ ನಾನು ಮುಂದಿಡುತ್ತಿಲ್ಲ.

ಆ ಅರ್ಥದಲ್ಲಿ ಮಾದರಿಯಾಗಬಲ್ಲವರು ಯು.ಆರ್. ಅನಂತಮೂರ್ತಿ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದವರು. ಮಾಡಬೇಕಾಗಿದ್ದದ್ದು 1930ರ ದಶಕದ ಇಂಗ್ಲಿಷ್ ಸಾಹಿತ್ಯದ ಮೇಲೆ ಪಿಎಚ್.ಡಿ. ಒಂದು ಸಂಜೆ ತಮ್ಮ ಅಧ್ಯಾಪಕರಾಗಿದ್ದ ಲೇಖಕ ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್ನನ "ಸೆವೆಂತ್ ಸೀಲ್" ಸಿನಿಮಾಕ್ಕೆ ಹೋದರು. ಭಾಷೆ ತಿಳಿಯದ ಸಿನಿಮಾ, ಉಪಶೀರ್ಷಿಕೆಯೂ ಇರಲಿಲ್ಲ. ಪ್ಲೇಗು, ಸಾವು, ದೇವರ ಮೌನ. ಹೊರಬಂದು ಇಬ್ಬರೂ ಮಾತಾಡಿದರು. ಯುರೋಪಿನವರಿಗೆ ಪುಸ್ತಕದಲ್ಲಿ ಮಾತ್ರ ಸಿಗುವ ಮಧ್ಯಯುಗ ನಮ್ಮೂರಿನಲ್ಲಿ ಇನ್ನೂ ಜೀವಂತವಾಗಿದೆ ಎಂದು ಅನಂತಮೂರ್ತಿಯವರಿಗೆ ಹೊಳೆಯಿತು. ಹಾಗಾದರೆ ಅದನ್ನೇ ಬರೆ ಎಂದರು ಬ್ರಾಡ್‌ಬರಿ. 1965ರಲ್ಲಿ "ಸಂಸ್ಕಾರ" ಬಂತು, 1966ರಲ್ಲಿ ಪಿಎಚ್.ಡಿ.ಯೂ ಮುಗಿಯಿತು. ಆ ಸಂಜೆ ಅವರು ಕೋಣೆಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡಿದ್ದರೆ ಪಿಎಚ್.ಡಿ. ಆಗಲೂ ಮುಗಿಯುತ್ತಿತ್ತು. ಕನ್ನಡಕ್ಕೆ ಆ ಕಾದಂಬರಿ ದಕ್ಕುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇವರೆಲ್ಲ ದೊಡ್ಡವರು, ವಿದ್ಯಾರ್ಥಿವೇತನದ ಮೇಲೆ ಹೋದವರು, ನಮ್ಮ ಮಕ್ಕಳು ಬ್ಯಾಂಕ್ ಸಾಲದ ಮೇಲೆ ಹೋಗುವವರು ಎಂದು ಓದುಗರು ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಕೋರ್ಸು ಮುಗಿದ ಆರು ತಿಂಗಳಿಗೋ ವರ್ಷಕ್ಕೋ ಕಂತು ಶುರುವಾಗುತ್ತದೆ. ಸಹಪಾಠಿಗಳು ಕಾಫಿಗೆ ಕರೆದರೆ ಮನಸ್ಸು ಐದು ಡಾಲರನ್ನು ರೂಪಾಯಿಗೆ ಗುಣಿಸಿ, ತಲೆನೋವು ಎಂದು ಸುಳ್ಳು ಹೇಳಿಸುತ್ತದೆ. ದುಡಿಯೋಣವೆಂದರೆ ಅದಕ್ಕೂ ಮಿತಿ. ತರಗತಿ ನಡೆಯುವಾಗ ಬ್ರಿಟನ್ನಿನಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 2024ರ ನವೆಂಬರಿನಿಂದ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ. ಮಿತಿ ಇದೆಯೆಂದು ಅಷ್ಟನ್ನೂ ತುಂಬಲೇಬೇಕೆಂದಿಲ್ಲ. ಹಲವರು ತುಂಬುತ್ತಾರೆ, ನಿದ್ದೆ ಕಡಿಮೆ ಮಾಡುತ್ತಾರೆ, ಮೊದಲು ಕೈಬಿಡುವುದು ಜನರ ಸಹವಾಸವನ್ನು.

ಖರ್ಚಿಲ್ಲದೆ ಸಿಗುವ ಸಹವಾಸ ಊಟದ್ದು. ನಾಲ್ಕು ಜನ ಸೇರಿ ಒಂದು ಅಪಾರ್ಟ್‌ಮೆಂಟ್ ಹಿಡಿದ ಕಡೆ ಅಡುಗೆಗೆ ಪಾಳಿ ಹಾಕಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ವಾರದಲ್ಲಿ ಒಂದೆರಡು ದಿನ ಒಲೆಯ ಕೆಲಸ, ಉಳಿದ ದಿನ ತಟ್ಟೆ ಹಿಡಿದು ಕೂತರಾಯಿತು. ವೇಳೆ ಉಳಿಯುತ್ತದೆ, ದುಡ್ಡು ಉಳಿಯುತ್ತದೆ, ಒಬ್ಬ ಎರಡು ದಿನ ಊಟಕ್ಕೆ ಬರದಿದ್ದರೆ ಉಳಿದ ಮೂವರು ಬಾಗಿಲು ತಟ್ಟುತ್ತಾರೆ. ಇದು ನಮ್ಮ ಹಳೆಯ ವಾರಾನ್ನದ ಒಳ್ಳೆಯ ಭಾಗವೇ. ಕೆಟ್ಟ ಭಾಗವನ್ನೂ ಮರೆಯಬಾರದು. ನಾಲ್ಕೂ ಜನ ಒಂದೇ ಊರಿನವರು, ಒಂದೇ ಜಾತಿಯವರು, ಒಂದೇ ಸಾರು ಉಣ್ಣುವವರು ಆದರೆ ಸಾವಿರಾರು ಮೈಲಿ ಹಾರಿಹೋದದ್ದು ಇನ್ನೊಂದು ಚಾಮರಾಜಪೇಟೆಗೆ. ಕನ್ನಡ ಕೂಟಗಳ ವಿಷಯದಲ್ಲೂ ನನಗೆ ಇದೇ ಭಾವನೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರದು, ಬ್ರಿಟನ್ನಿನ ಕನ್ನಡ ಬಳಗ 1983ರದು. ಯುಗಾದಿಗೋ ರಾಜ್ಯೋತ್ಸವಕ್ಕೋ ಅಲ್ಲಿ ಹೋದ ವಿದ್ಯಾರ್ಥಿಗೆ ಹೋಳಿಗೆಯ ಜೊತೆ ಹಿರಿಯರ ಪರಿಚಯ, ಕಷ್ಟಕ್ಕೆ ಒಂದು ಫೋನ್ ನಂಬರು ಸಿಗುತ್ತದೆ. ಬೆಲೆ ಕಟ್ಟಲಾಗದ ಆಸರೆ ಅದು. ಆದರೆ ಅದು ವರ್ಷಕ್ಕೆ ಕೆಲವು ಶನಿವಾರಗಳ ಮಾತು, ಕುಟುಂಬಸ್ಥರ ಸಭೆ. ವಾರದ ಮಂಗಳವಾರ, ಬುಧವಾರಗಳಿಗೆ ಪಕ್ಕದ ಬೆಂಚಿನವರೇ ಬೇಕು, ಅವರು ಯಾವ ದೇಶದವರಾದರೂ ಸರಿ.

ಆದ್ದರಿಂದ ಮನೆಯವರು ಕೇಳುವ ಪ್ರಶ್ನೆಯನ್ನು ಒಂಚೂರು ಬದಲಿಸಬೇಕು. "ಊಟ ಆಯ್ತಾ, ಓದ್ತಿದ್ದೀಯಾ?" ಎಂದರೆ ಮಗು ಎರಡಕ್ಕೂ ಹೂಂ ಎನ್ನುತ್ತದೆ, ಒಲೆ ಹಚ್ಚದೆ ಮೂರು ದಿನ ಬ್ರೆಡ್ ತಿಂದಿದ್ದರೂ ಹೂಂ ಎನ್ನುತ್ತದೆ. ಯಾರ ಜೊತೆ ಊಟ ಮಾಡಿದೆ ಎಂದು ಕೇಳಿ. ಮೂರು ವಾರ ಸತತವಾಗಿ ಉತ್ತರ "ಒಬ್ಬನೇ" ಎಂದು ಬಂದರೆ ಅದು ಅಂಕಗಳಿಗಿಂತ ಮೊದಲು ಗಮನಿಸಬೇಕಾದ ಸುದ್ದಿ. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಆಪ್ತ ಸಮಾಲೋಚನೆಯ ವ್ಯವಸ್ಥೆ ಇದೆ. ಅಲ್ಲಿಗೆ ಹೋಗು ಎಂದು ಅಮ್ಮನೇ ಹೇಳಿದರೆ ಮಗು ಹೋಗುತ್ತದೆ.

ಫೋನ್ ಮಾಡುವ ಹೊತ್ತನ್ನೂ ನೋಡಿಕೊಳ್ಳಬೇಕು. ನಮ್ಮ ರಸ್ತೆಯ ಒಂದು ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ಎಲ್ಲರೂ ಸೋಫಾದ ಮೇಲೆ ಸೇರುತ್ತಿದ್ದರು, ನ್ಯೂಯಾರ್ಕ್ ಕಡೆ ಓದುವ ಮಗಳಿಗೆ ವಿಡಿಯೊ ಕಾಲ್ ಮಾಡಲು. ಅಜ್ಜ, ಅಜ್ಜಿ, ಅತ್ತೆ ಸರದಿಯಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ಇಲ್ಲಿನ ಎಂಟು ಎಂದರೆ ಅಲ್ಲಿ ಚಳಿಗಾಲದಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ವಾರಪೂರ್ತಿ ದುಡಿದ ಸಹಪಾಠಿಗಳು ಒಬ್ಬರ ಮನೆಯಲ್ಲಿ ಸೇರುವ ಒಂದೇ ರಾತ್ರಿ ಅದು. ಮಗಳು ಪ್ರತಿ ಶನಿವಾರವೂ "ಮನೆಯಿಂದ ಫೋನ್ ಬರುತ್ತೆ" ಎಂದು ಉಳಿದುಬಿಡುತ್ತಿದ್ದಳು. ಕರೆಯುವವರು ಕೊನೆಗೆ ಕರೆಯುವುದನ್ನೇ ಬಿಟ್ಟರು. ಇದು ಮನೆಯವರಿಗೆ ಗೊತ್ತಾದದ್ದು ಅವಳ ಅಣ್ಣನಿಂದ. ಅಲ್ಲಿಂದೀಚೆಗೆ ಫೋನು ಇಲ್ಲಿನ ಭಾನುವಾರ ರಾತ್ರಿ ಒಂಬತ್ತಕ್ಕೆ, ಅವಳಿಗೆ ಬೆಳಿಗ್ಗೆ ಹತ್ತೂವರೆಗೆ. ಬಟ್ಟೆ ಒಗೆಯಲು ಹಾಕಿ, ತಿಂಡಿ ತಿನ್ನುತ್ತಾ ಮಾತಾಡುತ್ತಾಳೆ, ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಾಳೆ. ಮೊದಮೊದಲು ಅಜ್ಜಿಗೆ ಬೇಸರವಾಯಿತು, ಒಂಬತ್ತಕ್ಕೆ ಅವರಿಗೆ ನಿದ್ದೆಯ ಹೊತ್ತು. ಕಳೆದ ತಿಂಗಳು ಆ ಹುಡುಗಿ ಕೇಳಿದ್ದು ಬಿಸಿಬೇಳೆಬಾತಿನ ಅಳತೆ. ಕೊರಿಯಾದವಳೊಬ್ಬಳು, ಇರಾನಿನವನೊಬ್ಬ, ಹುಬ್ಬಳ್ಳಿಯ ಇಬ್ಬರು ಊಟಕ್ಕೆ ಬರುವವರಿದ್ದರು, ಪ್ರಾಜೆಕ್ಟ್ ಗುಂಪಿನವರು. ಖಾರ ಎಷ್ಟು ಕಡಿಮೆ ಮಾಡಬೇಕು, ತುಪ್ಪ ಮೇಲಿಂದ ಹಾಕಿದರೆ ಸಾಕಾ ಎಂದು ಅವಳ ಪ್ರಶ್ನೆ. ಅಜ್ಜಿ ಎದ್ದು ಕೂತು ಉತ್ತರ ಹೇಳಿದರು.